ಅತ್ತೆ-ಮಾವನ ಜತೆ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್: ಹೋಗುವವರಿಗೆ ನಾಲ್ಕು ಮಾತು

ಬಾಸ್ಟನ್ ಸುತ್ತಮುತ್ತಲಿನ ಕನ್ನಡದವರ ಮನೆಗೆ ಊರಿಂದ ಹಿರಿಯರು ಬಂದರೆ ತಿರುಗಾಟದ ಪಟ್ಟಿ ಎಲ್ಲರದೂ ಹೆಚ್ಚುಕಡಿಮೆ ಒಂದೇ: ನಯಾಗರ, ನ್ಯೂಯಾರ್ಕ್, ಹಾರ್ವರ್ಡ್ ಅಂಗಳ, ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನ, ನಡುನಡುವೆ ಕಾಸ್ಟ್‌ಕೋ. ಎಲ್ಲ ಕಡೆಯೂ ನಾವು ಮುಂದೆ, ಅವರು ಹಿಂದೆ. ನಾವು ವಿವರಿಸುತ್ತೇವೆ, ಅವರು ತಲೆಯಾಡಿಸುತ್ತಾರೆ. ಈ ಪಟ್ಟಿಗೆ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್ ಸೇರಿಸಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅಲ್ಲಿ ನಮ್ಮ ಅತ್ತೆ-ಮಾವ ಮುಂದೆ ನಡೆದರು. ಮೊಮ್ಮಕ್ಕಳು ಅವರ ಬೆನ್ನಿಗೆ, ನಾನೂ ಇವರೂ ಎಲ್ಲರಿಗಿಂತ ಹಿಂದೆ. ಹಾಗಾಗಬೇಕಾದರೆ ಮಾತ್ರ ದಿನವನ್ನು ಸ್ವಲ್ಪ ಯೋಚನೆ ಮಾಡಿ ಜೋಡಿಸಿಕೊಳ್ಳಬೇಕು.

ಮೊದಲು ಇದು ಎಂಥ ಜಾಗ ಅನ್ನುವುದು. ಮ್ಯಾಸಚೂಸೆಟ್ಸ್‌ನ ನಡುಭಾಗದಲ್ಲಿ, ಐ-90 ಮತ್ತು ಐ-84 ಹೆದ್ದಾರಿಗಳು ಸೇರುವಲ್ಲಿ, ಕ್ವಿನಬಾಗ್ ನದಿಯ ಪಕ್ಕ 200ಕ್ಕೂ ಹೆಚ್ಚು ಎಕರೆ ಜಾಗದಲ್ಲಿ 1830ರ ದಶಕದ ನ್ಯೂ ಇಂಗ್ಲೆಂಡ್ ಹಳ್ಳಿಯೊಂದನ್ನು ನಿಲ್ಲಿಸಿದ್ದಾರೆ. ‘ನಿಲ್ಲಿಸಿದ್ದಾರೆ’ ಅನ್ನುವುದನ್ನು ಹಿರಿಯರಿಗೆ ಮೊದಲೇ ಹೇಳಿಬಿಡಿ. ಇಲ್ಲಿ ಹಿಂದೆ ಇಂಥ ಊರು ಇರಲಿಲ್ಲ. ಕಿರಾಣಿ ಅಂಗಡಿ ವರ್ಮಾಂಟ್‌ನ ಡಮ್ಮರ್‌ಸ್ಟನ್‌ನಿಂದ, ಶಾಲೆ ನ್ಯೂ ಹ್ಯಾಂಪ್‌ಷೈರ್‌ನಿಂದ, ಉಣ್ಣೆ ಗಿರಣಿ ಮೇನ್‌ನಿಂದ ಬಂದವು. ಹೀಗೆ ಬೇರೆಬೇರೆ ಊರುಗಳ ಹಳೇ ಕಟ್ಟಡಗಳನ್ನು ತಂದು ಮತ್ತೆ ಎಬ್ಬಿಸಿದ್ದು. ಒಟ್ಟು 40ಕ್ಕೂ ಹೆಚ್ಚು ಕಟ್ಟಡಗಳಿವೆ. ಪಕ್ಕದ ಸೌತ್‌ಬ್ರಿಜ್‌ನಲ್ಲಿ ಕನ್ನಡಕದ ಕಾರ್ಖಾನೆ ನಡೆಸುತ್ತಿದ್ದ ವೆಲ್ಸ್ ಕುಟುಂಬದ ಹುಚ್ಚಿನಿಂದ ಆದ ಕೆಲಸ ಇದು. ಆಲ್ಬರ್ಟ್ ವೆಲ್ಸ್ 1926ರಲ್ಲಿ ಗಾಲ್ಫ್ ಆಡಲೆಂದು ವರ್ಮಾಂಟ್‌ಗೆ ಹೋಗಿದ್ದಾಗ ಮಳೆ ಹಿಡಿದು, ಹೊತ್ತು ಹೋಗದೆ ಹಳೇ ಸಾಮಾನಿನ ಅಂಗಡಿಗಳಿಗೆ ನುಗ್ಗಿದರಂತೆ. ಆಮೇಲೆ ಮನೆ ತುಂಬ ಹಳೇ ಕುರ್ಚಿ, ಮಡಕೆ, ಉಳಿ, ಬಾಚಿ. ಇವನ್ನು ಬರೀ ಸಾಲಾಗಿ ಜೋಡಿಸಿಟ್ಟರೆ ಏನು ಬಂತು, ಬಳಸಿ ತೋರಿಸುವ ಊರೇ ಬೇಕು ಅಂದದ್ದು ಮಗ ಜಾರ್ಜ್. 1936ರಲ್ಲಿ ಜಮೀನು ಕೊಂಡರು. ನಡುವೆ ಯುದ್ಧ ಬಂತು. 1946ರ ಜೂನ್‌ನಲ್ಲಿ ಬಾಗಿಲು ತೆರೆಯಿತು.

ಆ ಮಗನ ಮಾತೇ ಈ ಜಾಗದ ಜೀವ. ಕಮ್ಮಾರ ನಿಜವಾಗಿಯೂ ಕಬ್ಬಿಣ ಕಾಯಿಸುತ್ತಾನೆ, ಒಲೆಯ ಮೇಲೆ ನಿಜವಾಗಿಯೂ ಅಡುಗೆ ಬೇಯುತ್ತದೆ, ನೀರಿನಿಂದ ಗಿರಣಿ ತಿರುಗುತ್ತದೆ. ಆ ಕಾಲದ ಉಡುಪು ತೊಟ್ಟವರು ಕೆಲಸ ಮಾಡುತ್ತಲೇ ಮಾತಾಡುತ್ತಾರೆ. ಆದರೆ ನಾಟಕ ಆಡುವುದಿಲ್ಲ. ಇಂಥದೇ ಇನ್ನೊಂದು ಮ್ಯೂಸಿಯಂ ಆದ ಪ್ಲಿಮತ್ ಪಟಕ್ಸೆಟ್‌ನ ಇಂಗ್ಲಿಷ್ ಹಳ್ಳಿಗೆ ಹೋದರೆ ಅಲ್ಲಿನವರು 17ನೇ ಶತಮಾನದವರಾಗಿಯೇ ಮಾತಾಡುತ್ತಾರೆ. ಹಳೇ ಇಂಗ್ಲಿಷು, ಹಳೇ ವರಸೆ. ಮಕ್ಕಳಿಗೆ ತಮಾಷೆ, ಇಂಗ್ಲಿಷು ಅಷ್ಟಕ್ಕಷ್ಟೇ ಇರುವ ಹಿರಿಯರಿಗೆ ತಲೆನೋವು. ಸ್ಟರ್‌ಬ್ರಿಜ್‌ನವರು ನಮ್ಮ ಕಾಲದವರಾಗಿಯೇ ಇದ್ದು ‘ಅವರು ಹೀಗೆ ಮಾಡುತ್ತಿದ್ದರು, ಯಾಕೆಂದರೆ ಇಂಥದ್ದು’ ಅಂತ ಬಿಡಿಸಿ ಹೇಳುತ್ತಾರೆ. ಊರಿನ ಹಿರಿಯರನ್ನು ಕರೆದೊಯ್ಯುವುದಾದರೆ ನನ್ನ ಓಟು ಇದಕ್ಕೇ.

ಯಾವಾಗ, ಎಷ್ಟು ಹೊತ್ತು

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಹೋದರೆ ಉತ್ತಮ. ಸೆಖೆ ಇಳಿದಿರುತ್ತದೆ, ಎಲೆ ಬಣ್ಣ ತಿರುಗುತ್ತಿರುತ್ತದೆ, ಸೇಬಿನ ರಸ ಹಿಂಡುವ ಕಾಲ. ಮೇ ಕೊನೆಯೂ ಚೆನ್ನ. ಕುರಿಗಳ ಉಣ್ಣೆ ಕತ್ತರಿಸುವ ಹೊತ್ತು ಅದು. ಜುಲೈ-ಆಗಸ್ಟ್‌ನಲ್ಲಿ ಮನೆಗಳ ಒಳಗೆ ಎಸಿ ಇರುವುದಿಲ್ಲ ಅನ್ನುವುದು ನೆನಪಿರಲಿ. ಉರಿಯುವ ಒಲೆ ಇರುವ ಕೋಣೆಯಲ್ಲಿ ನಿಂತು ಕಥೆ ಕೇಳುವ ತಾಳ್ಮೆ ಆಗ ಯಾರಿಗೂ ಇರುವುದಿಲ್ಲ. ಚಳಿ ತಡೆಯುವ ಹಿರಿಯರಾದರೆ ಮಾರ್ಚ್‌ನಲ್ಲಿ ಮೇಪಲ್ ಮರದ ರಸ ಕಾಯಿಸುವುದನ್ನು ತೋರಿಸಿ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಆಲೆಮನೆ ಕಂಡವರಿಗೆ ಅದರ ಮುಂದೆ ವಿವರಣೆಯೇ ಬೇಡ, ಅವರೇ ಪಾಕದ ಹದ ಹೇಳುತ್ತಾರೆ. ಆದರೆ ಆ ತಿಂಗಳು ನೆಲವೆಲ್ಲ ಹಿಮ ಕರಗಿದ ಕೆಸರು. ಡಿಸೆಂಬರ್‌ನಲ್ಲಿ ಸಂಜೆ ಹೊತ್ತು ಮೇಣದಬತ್ತಿ ಬೆಳಕಿನ ಕ್ರಿಸ್‌ಮಸ್ ನಡೆಯುತ್ತದೆ, ನೋಡಲು ಚಂದ. ಕೆಲಸ ನೋಡಬೇಕಾದರೆ ಹಗಲೇ ಸರಿ.

ಸೋಮವಾರ-ಮಂಗಳವಾರ ಸಾಮಾನ್ಯವಾಗಿ ರಜೆ, ಚಳಿಗಾಲದಲ್ಲಿ ತೆರೆಯುವ ದಿನಗಳು ಇನ್ನೂ ಕಡಿಮೆ. ಅವರ ಕ್ಯಾಲೆಂಡರ್ ನೋಡಿಯೇ ಹೊರಡಿ. ಇನ್ನೊಂದು: ಪಕ್ಕದ ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್‌ಗಳಲ್ಲಿ ವರ್ಷಕ್ಕೆ ಮೂರು ಸಲ ಹಳೇ ಸಾಮಾನಿನ ಭಾರಿ ಸಂತೆ ಸೇರುತ್ತದೆ. ಆ ವಾರ ರೂಟ್ 20ರಲ್ಲಿ ಕಾರು ತೆವಳುತ್ತದೆ, ಹೋಟೆಲ್‌ನಲ್ಲಿ ರೂಮು ಸಿಗುವುದಿಲ್ಲ.

ಟಿಕೆಟ್ ಕೊಳ್ಳುವ ಮುಂಚೆ ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಗೆ ಫೋನ್ ಮಾಡಿ. ಮ್ಯಾಸಚೂಸೆಟ್ಸ್‌ನ ಲೈಬ್ರರಿಗಳು ಪುಸ್ತಕದ ಹಾಗೇ ಮ್ಯೂಸಿಯಂ ಪಾಸುಗಳನ್ನೂ ಕೊಡುತ್ತವೆ, ಎಷ್ಟೋ ಕಡೆ ಸ್ಟರ್‌ಬ್ರಿಜ್ ಪಾಸೂ ಇರುತ್ತದೆ. ಆರು ಜನ ಹೋಗುವ ಮನೆಗೆ ಉಳಿಯುವ ದುಡ್ಡು ಸಣ್ಣದಲ್ಲ. ವಾರಾಂತ್ಯದ ಪಾಸುಗಳು ಬೇಗ ಖಾಲಿಯಾಗುತ್ತವೆ, ಮುಂಚೆಯೇ ಹೆಸರು ಹಚ್ಚಿ.

ಬಾಸ್ಟನ್‌ನಿಂದ ಸುಮಾರು ಒಂದು ಗಂಟೆ ದಾರಿ, ವೂಸ್ಟರ್ ಕಡೆಯವರಿಗೆ ಅರ್ಧ ಗಂಟೆ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ‘ಹೇಗೂ ಆ ಕಡೆ ಹೋಗ್ತೀವಲ್ಲ, ಬರ್ತಾ ದೇವಸ್ಥಾನ ಮುಗಿಸಿಬಿಡೋಣ’ ಅನ್ನುವ ಮಾತು ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಆಗುವುದಿಲ್ಲ ಅಂತ ಖಡಾಖಂಡಿತ ಹೇಳಿ. ದೇವಿ ಮುಂದಿನ ವಾರವೂ ಅಲ್ಲೇ ಇರುತ್ತಾಳೆ.

ಕಾಲು, ಬಟ್ಟೆ, ಊಟ

ದಾರಿಗಳು ಮಣ್ಣು ಮತ್ತು ಜಲ್ಲಿಯವು, ಅಲ್ಲಲ್ಲಿ ಏರು. ಮನೆಗಳಿಗೆ ಹೊಸ್ತಿಲು, ಮೆಟ್ಟಿಲು, ಒಳಗೆ ಕತ್ತಲೆ. ಅತ್ತೆ ಸೀರೆಯಲ್ಲೇ ಬಂದರು, ಕಾಲಿಗೆ ಮಾತ್ರ ಸ್ನೀಕರ್. ಸೀರೆ ಒಂದು ಗೇಣು ಮೇಲೆತ್ತಿ ಉಟ್ಟಿದ್ದರು. ಚಪ್ಪಲಿ ಹಾಕಿಸಬೇಡಿ, ಜಲ್ಲಿ ನುಗ್ಗುತ್ತದೆ. ಮಂಡಿ ನೋವಿರುವವರಿಗೆ ವಿಸಿಟರ್ ಸೆಂಟರ್‌ನಲ್ಲೇ ಗಾಲಿ ಕುರ್ಚಿ ಇದೆಯೇ ಅಂತ ವಿಚಾರಿಸಿ. ಕುದುರೆ ಬಂಡಿ ಓಡುವ ದಿನವಾದರೆ ಅದನ್ನು ಮಕ್ಕಳ ಮೋಜು ಅಂದುಕೊಳ್ಳದೆ ಹಿರಿಯರ ಕಾಲಿಗೆ ಆರಾಮ ಅಂತ ಎಣಿಸಿ ಬಳಸಿಕೊಳ್ಳಿ. ಕೂಸಿನ ಗಾಡಿ ಒಯ್ಯುವುದಾದರೆ ದೊಡ್ಡ ಗಾಲಿಯದು ಒಯ್ಯಿರಿ, ಪ್ರತಿ ಮನೆಯ ಹೊರಗೂ ಬಿಟ್ಟು ಹೋಗಬೇಕಾಗುತ್ತದೆ.

ಹುಲ್ಲಿನಲ್ಲಿ ಉಣ್ಣೆ ಇರುತ್ತವೆ. ಕುರಿಯ ಮೈಮೇಲಿನದಲ್ಲ, ರಕ್ತ ಹೀರುವ ಹುಳು, ಇಲ್ಲಿನವರು ಟಿಕ್ ಅನ್ನುವುದು. ನ್ಯೂ ಇಂಗ್ಲೆಂಡ್‌ನಲ್ಲಿ ಇವು ಲೈಮ್ ಕಾಯಿಲೆ ಹಚ್ಚುತ್ತವೆ. ಮಕ್ಕಳಿಗೆ ಉದ್ದ ಕಾಲುಚೀಲ ಹಾಕಿ, ಮನೆಗೆ ಬಂದ ಮೇಲೆ ಮಂಡಿ ಹಿಂಭಾಗ, ಕಂಕುಳು, ಕಿವಿ ಹಿಂದೆ ನೋಡಿ. ಹಿರಿಯರದ್ದೂ ನೋಡಿ, ಅವರು ನಾಚಿಕೊಂಡರೂ. ಬೇಲಿ ಪಕ್ಕ ಮೂರು ಮೂರು ಎಲೆ ಇರುವ ಬಳ್ಳಿಯನ್ನು ಮುಟ್ಟಬೇಡಿ. ‘ಯಾವುದೋ ಸೊಪ್ಪು’ ಅಂತ ಕಿತ್ತು ಮೂಸುವ ಅಭ್ಯಾಸ ನಮ್ಮ ಮಾವನಿಗೂ ಇದೆ. ಅದು ಪಾಯ್ಸನ್ ಐವಿ ಆಗಿದ್ದರೆ ಎರಡು ವಾರ ತುರಿಕೆ.

ಊಟಕ್ಕೆ ಒಳಗೇ ಬುಲ್ಲರ್ಡ್ ಟ್ಯಾವರ್ನ್ ಇದೆ. ಆದರೂ ಮೊಸರನ್ನ, ಚಪಾತಿ-ಪಲ್ಯ ಕಟ್ಟಿಕೊಂಡು ಹೋಗಿ. ಅಲ್ಲಿನ ಮನೆಗಳಲ್ಲಿ ಒಲೆಯ ಮೇಲೆ ಬೇಯುವುದನ್ನು ನೋಡುಗರಿಗೆ ಬಡಿಸುವುದಿಲ್ಲ, ಪರಿಮಳ ಮಾತ್ರ. ಆ ಪರಿಮಳಕ್ಕೆ ಹೊಟ್ಟೆ ಹನ್ನೊಂದೂವರೆಗೇ ಕೂಗುತ್ತದೆ. ಸಕ್ಕರೆ ಕಾಯಿಲೆ ಇರುವವರ ಊಟದ ಹೊತ್ತನ್ನು ಯಾವ ಪ್ರದರ್ಶನಕ್ಕೂ ಮುಂದೂಡಬೇಡಿ.

ಎಲ್ಲಿಂದ ಶುರು ಮಾಡಬೇಕು

ಒಳಗೆ ಬಂದವರು ಸಾಮಾನ್ಯವಾಗಿ ಊರ ನಡುವಿನ ಹಸಿರು ಮೈದಾನದ ಸುತ್ತಲಿನ ದೊಡ್ಡ ಮನೆಗಳನ್ನು ಮೊದಲು ಹೊಕ್ಕುತ್ತಾರೆ. ನೀವು ಅವನ್ನು ದಾಟಿ ಸೀದಾ ಫ್ರೀಮನ್ ಫಾರ್ಮ್‌ಗೆ ಹೋಗಿ. ಬೆಳಗ್ಗೆ ಕಾಲು ಗಟ್ಟಿ ಇರುವಾಗಲೇ ದೂರದ್ದು ಮುಗಿಯುತ್ತದೆ, ದನಗಳೂ ಚುರುಕಾಗಿರುತ್ತವೆ, ಜನ ಇರುವುದಿಲ್ಲ. ಆಮೇಲೆ ಕಮ್ಮಾರ, ಕುಂಬಾರ; ನಂತರ ಕೊಳದ ಬದಿಯ ಮೂರು ಗಿರಣಿ; ಊಟ; ಕೊನೆಗೆ ಮೈದಾನದ ಸುತ್ತಲಿನ ಅಂಗಡಿ, ಚರ್ಚು, ಶ್ರೀಮಂತರ ಮನೆ. ಎಲ್ಲ ಕಟ್ಟಡಕ್ಕೂ ಹೋಗಲೇಬೇಕು ಅನ್ನುವ ಹಟ ಬೇಡ. ನಕ್ಷೆಯಲ್ಲಿ ಟಿಕ್ ಹಾಕುತ್ತಾ ಓಡುವವರನ್ನು ಕಂಡರೆ ನನಗೆ ಕನಿಕರ. ಆರೇಳು ಕಡೆ ಸರಿಯಾಗಿ ನಿಂತರೆ ಸಾಕು, ಒಂದೊಂದು ಕಡೆ ಕೆಲಸ ಶುರುವಾಗಿ ಒಂದು ಹಂತಕ್ಕೆ ಬರುವ ತನಕ.

ಫಾರ್ಮ್‌ನಲ್ಲಿ ನಮ್ಮ ಮಾವ ಎತ್ತುಗಳ ಮುಂದೆ ನಿಂತವರು ಅಲ್ಲಾಡಲಿಲ್ಲ. ಅವರು ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಯುವ ಮನೆಯವರು, ಹರೆಯವೆಲ್ಲ ನೇಗಿಲ ಹಿಂದೆ ಕಳೆದವರು. “ಮೂಗುದಾರ ಇಲ್ವಲ್ಲ, ಹೆಂಗೆ ತಿರುಗ್ತಾವೆ ಕೇಳಮ್ಮ” ಅಂದರು. ನನಗೆ ಅದು ಕಂಡೇ ಇರಲಿಲ್ಲ. ಕೇಳಿದೆ. ನ್ಯೂ ಇಂಗ್ಲೆಂಡ್‌ನಲ್ಲಿ ಎತ್ತಿಗೆ ಮೂಗು ಚುಚ್ಚುವುದಿಲ್ಲ, ಹಗ್ಗವೂ ಹಿಡಿಯುವುದಿಲ್ಲ. ಕರುವಾಗಿದ್ದಾಗಲೇ ಜೋಡಿ ಕಟ್ಟಿ ಮಾತಿಗೆ ಪಳಗಿಸುತ್ತಾರೆ. ಹೊಡೆಯುವವನು ಎಡಗಡೆ ನಡೆಯುತ್ತಾ ಕೂಗುತ್ತಾನೆ: ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ, ‘ವೋ’ ಅಂದರೆ ನಿಲ್ಲು. ಕೈಲಿ ಒಂದು ಸಣ್ಣ ಕೋಲು, ಮುಟ್ಟಿಸುವಷ್ಟಕ್ಕೆ. ಮಾವನ ಮುಂದಿನ ಪ್ರಶ್ನೆ ನೊಗದ ಮೇಲೆ. ನಮ್ಮ ದನಕ್ಕೆ ಇಣಿ ಇದೆ, ನೊಗ ಅದರ ಮುಂದೆ ಕೂತು ಅಲ್ಲೇ ನಿಲ್ಲುತ್ತದೆ. ಇಲ್ಲಿನ ದನಕ್ಕೆ ಬೆನ್ನು ಸಪಾಟು. ಅದಕ್ಕೇ ಮರವನ್ನು ಹಬೆಯಲ್ಲಿ ಬಾಗಿಸಿ ಬಿಲ್ಲಿನ ಹಾಗೆ ಮಾಡಿ, ಕೊರಳ ಕೆಳಗಿನಿಂದ ತಂದು ನೊಗದ ತೂತಿಗೆ ಸಿಕ್ಕಿಸುತ್ತಾರೆ. ಎತ್ತಿನವನು ನೊಗ ಎತ್ತಿ ಅವರ ಕೈಗೇ ಕೊಟ್ಟ. ಮಾವ ತೂಕ ನೋಡಿ, ಒಳಬದಿಯ ನುಣುಪನ್ನು ಹೆಬ್ಬೆರಳಿನಿಂದ ಸವರಿ, “ಹುಣ್ಣಾಗಲ್ಲ” ಅಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆತ ನಕ್ಕು, ಇದೇ ನಾವು ದಿನಾ ನೋಡಿಕೊಳ್ಳುವುದು ಅಂದ.

ಇಡೀ ದಿನದ ಗುಟ್ಟು ಇದೇ. ನೀವು ದುಭಾಷಿ ಆಗಿ, ಗೈಡ್ ಆಗಬೇಡಿ. ಹಿರಿಯರು ಕೇಳಿದ್ದಕ್ಕೆ ನೀವೇ ಗೂಗಲ್ ನೋಡಿ ಉತ್ತರ ಕೊಟ್ಟರೆ ಮಾತು ಅಲ್ಲಿಗೇ ಸತ್ತುಹೋಗುತ್ತದೆ. ‘ಅಯ್ಯೋ, ಅದೆಲ್ಲ ಕೇಳ್ಬಾರ್ದು’ ಅಂತ ಸಂಕೋಚಪಟ್ಟು ನುಂಗಲೂಬೇಡಿ. ಅಲ್ಲಿ ಕೆಲಸ ಮಾಡುವವರಿಗೆ ದಿನವಿಡೀ ಬರುವ ಪ್ರಶ್ನೆ ‘ಸೆಖೆ ಆಗಲ್ವಾ ಈ ಬಟ್ಟೆಯಲ್ಲಿ?’ ಅನ್ನುವುದು. ಎತ್ತಿನ ಹೆಗಲ ಹುಣ್ಣಿನ ಬಗ್ಗೆ ಕೇಳುವವರು ಸಿಕ್ಕರೆ ಅವರ ಮುಖ ಅರಳುತ್ತದೆ. ಹಿರಿಯರ ಮಾತನ್ನು ಪೂರ್ತಿ ಹೇಳಿ, ಚುಟುಕು ಮಾಡಬೇಡಿ. ನಮ್ಮ ಒಂಬತ್ತು ವರ್ಷದ ಮಗನಿಗೆ ಅಜ್ಜ ಅಂದರೆ ಅಲ್ಲಿಯ ತನಕ ಟಿವಿ ರಿಮೋಟ್ ಕೇಳುವ ಮನುಷ್ಯ. ಅಜ್ಜ ಎತ್ತು ಹೊಡೆಯಬಲ್ಲರು ಅನ್ನುವುದನ್ನು ಅವನು ನಂಬಿದ್ದು ಅಲ್ಲೇ.

ಅದೇ ಫಾರ್ಮ್ ಮನೆಯ ಅಡುಗೆಕೋಣೆ ಅತ್ತೆಯ ಪಾಲು. ಅಲ್ಲಿ ಕಡೆಯುವುದು ಮೊಸರನ್ನಲ್ಲ, ಕೆನೆಯನ್ನು. ಕಡೆಗೋಲು ಹಗ್ಗದಿಂದ ತಿರುಗುವುದಿಲ್ಲ. ಎತ್ತರದ ಕಿರಿದಾದ ಮರದ ಪಾತ್ರೆಯಲ್ಲಿ ಕೋಲನ್ನು ಮೇಲೆ-ಕೆಳಗೆ ಕುಟ್ಟುತ್ತಾರೆ. ಬೆಣ್ಣೆ ಬಂದ ಮೇಲೆ ಉಪ್ಪು ಹಾಕಿ ಕಟ್ಟಿಡುತ್ತಾರೆ, ತುಪ್ಪ ಕಾಯಿಸುವುದಿಲ್ಲ. ಉಳಿದ ಮಜ್ಜಿಗೆ ಹಂದಿಗೂ ಹೋಗುತ್ತಿತ್ತು ಅಂತ ಕೇಳಿ ಅತ್ತೆಗೆ ಆದ ಸಂಕಟ ಅಷ್ಟಿಷ್ಟಲ್ಲ. ಚೀಸ್ ಮಾಡುವ ದಿನವಾಗಿದ್ದರೆ ಹೆಪ್ಪು ಯಾವುದು ಅಂತ ಕೇಳಿದರೆ ಕರುವಿನ ಹೊಟ್ಟೆಯದು ಅನ್ನುತ್ತಾರೆ. ಕಟ್ಟಾ ಸಸ್ಯಾಹಾರಿಗಳಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು; ನಾನು ಹೇಳಿದೆ, ಆಮೇಲೆ ನಮ್ಮ ಮನೆಗೆ ಬರುವ ಚೀಸ್ ಪ್ಯಾಕೆಟ್‌ಗಳೆಲ್ಲ ತಪಾಸಣೆಗೆ ಒಳಗಾದವು. ಬೆಣ್ಣೆ, ಚೀಸ್ ಹೆಂಗಸರ ಕೈಯ ಸಂಪಾದನೆ ಆಗಿದ್ದವು, ಅಂಗಡಿಯಲ್ಲಿ ಅವನ್ನು ಕೊಟ್ಟು ಚಹಾ, ಬಟ್ಟೆ ತರುತ್ತಿದ್ದರು. ಮಧ್ಯಾಹ್ನ ಆ ಕಿರಾಣಿ ಅಂಗಡಿಗೆ, ಅಂದರೆ ಏಸಾ ನೈಟ್ ಅಂಗಡಿಗೆ, ಹೋದಾಗ ಲೆಕ್ಕದ ಪುಸ್ತಕದ ಬಗ್ಗೆ ಕೇಳಿ: ನಗದು ಕಡಿಮೆ, ಎಲ್ಲವೂ ಬರೆದಿಟ್ಟ ಬಾಕಿ. ಕ್ಯೂಬಾದಿಂದ ಬರುವ ತಾಳೆ ಗರಿಯನ್ನು ಅಂಗಡಿಯವನಿಂದ ಒಯ್ದು, ಹೆಂಗಸರು-ಮಕ್ಕಳು ಮನೆಯಲ್ಲಿ ಟೋಪಿ ಹೆಣೆದು ತಂದರೆ ಅದೂ ಲೆಕ್ಕಕ್ಕೆ ಜಮೆ. ಬೀಡಿ ಕಟ್ಟಿ ಕೊಟ್ಟು ಸಾಮಾನು ತರುತ್ತಿದ್ದ ಮನೆಗಳನ್ನು ಕಂಡ ಅತ್ತೆಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಕಮ್ಮಾರನ ಹತ್ತಿರ ಲಾಳದ ಮಾತು ತೆಗೆಯಿರಿ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು ಲಾಳ. ಅದು ನಮ್ಮಲ್ಲೂ ಹಾಗೇ. ನಮ್ಮಲ್ಲಿ ಎತ್ತನ್ನು ಕೆಡವಿ ಕಾಲು ಕಟ್ಟಿ ಹೊಡೆಯುತ್ತಾರೆ. ಇಲ್ಲಿ ಮರದ ಚೌಕಟ್ಟಿಗೆ ನಿಲ್ಲಿಸಿ, ಹೊಟ್ಟೆಯಡಿ ಅಗಲವಾದ ಪಟ್ಟಿ ಹಾಕಿ ಮೇಲಕ್ಕೆ ಎಳೆದು ಹೊಡೆಯುತ್ತಿದ್ದರು, ಯಾಕೆಂದರೆ ಕುದುರೆಯ ಹಾಗೆ ಎತ್ತು ಮೂರು ಕಾಲಲ್ಲಿ ನಿಲ್ಲಲಾರದು. ಕುಂಬಾರನ ಮನೆಯಲ್ಲಿ ಚಕ್ರದ ವ್ಯತ್ಯಾಸ ನೋಡಿ. ನಮ್ಮ ತಿಗರಿ ನೆಲಮಟ್ಟದಲ್ಲಿ, ಕೋಲು ಹಾಕಿ ತಿರುಗಿಸಿ ಬಗ್ಗಿ ಕೆಲಸ. ಇಲ್ಲಿ ಎತ್ತರದ ಪೀಠದಲ್ಲಿ ಕೂತು. ಕೆಂಪು ಮಡಕೆಗೆ ಆ ಕಾಲದಲ್ಲಿ ಸೀಸದ ಹೊಳಪು ಹಚ್ಚುತ್ತಿದ್ದರು, ಅದು ವಿಷ. ಇವುಗಳ ನಡುವೆ ನಾಲ್ಕು ವರ್ಷದ ಮಗಳಿಗೆ ಬೇಕಿದ್ದು ಕುರಿ ಮತ್ತು ಕೋಳಿ ಮಾತ್ರ. ಚಿಕ್ಕ ಮಕ್ಕಳಿರುವವರು ದೊಡ್ಡವರನ್ನು ಎರಡು ತಂಡ ಮಾಡಿಕೊಳ್ಳಿ: ಒಬ್ಬರು ಕೂಸಿನ ಜತೆ ಬೇಲಿ ಹತ್ತಿರ, ಉಳಿದವರು ಒಳಗೆ, ಆಮೇಲೆ ಅದಲುಬದಲು. ಕೋವಿ ಹಾರಿಸುವ ಪ್ರದರ್ಶನ ಇದ್ದರೆ ಅದರ ಹೊತ್ತು ನೋಡಿಕೊಂಡು ಕೂಸನ್ನು ದೂರ ಒಯ್ಯಿರಿ, ಸದ್ದು ಎದೆಗೆ ಬಡಿಯುತ್ತದೆ.

ಗಿರಣಿಗಳಲ್ಲಿ ನಿಲ್ಲಿ

ಇಡೀ ಊರಿನಲ್ಲಿ ಒಂದೇ ಒಂದು ಕಡೆ ಹೊತ್ತು ಕಳೆಯಿರಿ ಅಂದರೆ ಕೊಳದ ಬದಿಯ ಗಿರಣಿಗಳು ಅನ್ನುತ್ತೇನೆ. ಬಹಳ ಜನ ಫೋಟೊ ತೆಗೆದು ಮುಂದೆ ಹೋಗುತ್ತಾರೆ.

ಮೊದಲು ಮನೆಯೊಂದರಲ್ಲಿ ಕೈಯಿಂದ ಉಣ್ಣೆ ಹಿಂಜುವುದನ್ನು ನೋಡಿ: ತಂತಿ ಹಲ್ಲಿನ ಎರಡು ಹಲಗೆ, ನಡುವೆ ಉಣ್ಣೆ, ಎಳೆದು ಎಳೆದು ಒಂದು ಹಂಜಿ. ಆಮೇಲೆ ಗಿರಣಿಗೆ ಹೋಗಿ. ಅಲ್ಲಿ ನೀರಿನ ಬಲದಿಂದ ತಿರುಗುವ ಉರುಳೆಗಳ ಮೇಲೆ ಅದೇ ತಂತಿ ಹಲ್ಲು. ಒಂದು ಕಡೆ ಉಣ್ಣೆ ಹಾಕಿದರೆ ಇನ್ನೊಂದು ಕಡೆಯಿಂದ ಉದ್ದುದ್ದ ಹಂಜಿಗಳು ಸಾಲಾಗಿ ಬೀಳುತ್ತವೆ. ಅತ್ತೆಯ ತವರಿನ ಓಣಿಯಲ್ಲಿ ಕಂಬಳಿ ನೇಯುವ ಮನೆಗಳಿದ್ದವು. ಉಣ್ಣೆ ಹಿಂಜುವುದು, ನೂಲುವುದು, ಹಾಸಿಗೆ ಹುಣಸೆಬೀಜದ ಗಂಜಿ ಕೊಡುವುದು ಎಲ್ಲ ಅವರಿಗೆ ಗೊತ್ತು. ಅವರು ಯಂತ್ರದ ಮುಂದೆ ನಿಂತು ಕೇಳಿದ್ದು ಒಂದೇ: “ಹಿಂಜೋರ ಕೆಲಸ ಹೋಯ್ತಲ್ಲ, ಅವ್ರು ಏನು ಮಾಡಿದ್ರು?” ಗಿರಣಿಯಾಕೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು: ಹಿಂಜುವ ಕೆಲಸ ಹೋದದ್ದಕ್ಕೆ ಮನೆ ಹೆಂಗಸರು ಅಳಲಿಲ್ಲ, ಅದು ಬೇಸರದ ಕೆಲಸವಾಗಿತ್ತು, ಆ ಹೊತ್ತಿನಲ್ಲಿ ಹೆಚ್ಚು ನೂತರು. ಆದರೆ ಸ್ವಲ್ಪ ಕಾಲದಲ್ಲೇ ಕಾರ್ಖಾನೆ ಬಟ್ಟೆ ಅಗ್ಗವಾಗಿ ನೂಲುವುದೂ ಹೋಯಿತು. ಹೆಣ್ಣುಮಕ್ಕಳು ಲೋವೆಲ್‌ನಂಥ ಊರುಗಳ ಹತ್ತಿ ಗಿರಣಿಗೆ ಕೂಲಿಗೆ ನಡೆದರು. ಚಳ್ಳಕೆರೆಯ ಕಂಬಳಿಗೆ ಆದದ್ದನ್ನು ಅತ್ತೆ ಹೇಳಿದರು, ನಾನು ದಾಟಿಸಿದೆ. ಹಿಂದೆ ನಿಂತಿದ್ದ ಅಮೆರಿಕನ್ ಕುಟುಂಬವೊಂದು ಹೊರಗೆ ಹೋಗದೆ ಕೇಳುತ್ತಾ ನಿಂತಿತು.

ದೊಡ್ಡ ರಾಟೆಯಲ್ಲಿ ನೂಲುವುದು ಕಂಡರೆ ತಪ್ಪಿಸಬೇಡಿ. ಅದಕ್ಕೆ ಕೂರುವ ಹಾಗಿಲ್ಲ. ಒಂದು ಕೈಯಲ್ಲಿ ಚಕ್ರ ತಿರುಗಿಸಿ ಹಿಂದೆ ಹಿಂದೆ ನಡೆಯುತ್ತಾ ಎಳೆ ಎಳೆಯುವುದು, ಮತ್ತೆ ಮುಂದೆ ಬಂದು ಕದಿರಿಗೆ ಸುತ್ತುವುದು. ದಿನವಿಡೀ ನಡಿಗೆ.

ಮರ ಕೊಯ್ಯುವ ಗಿರಣಿಯಲ್ಲಿ ಗರಗಸ ದುಂಡಗಿಲ್ಲ. ಉದ್ದನೆಯ ಅಲಗು ಮೇಲೆ-ಕೆಳಗೆ ಆಡುತ್ತದೆ, ದಿಮ್ಮಿ ಅದರ ಕಡೆ ಮೆಲ್ಲಗೆ ಸರಿಯುತ್ತದೆ. ಅಲ್ಲಿನ ಹೊಟ್ಟು ತೋರಿಸಿ ಮಕ್ಕಳಿಗೆ ನಾನು ಹೇಳಿದ ಕಥೆ ನೀವೂ ಹೇಳಬಹುದು, ಇದು ಇದೇ ಸೀಮೆಯ, ಇದೇ ದಶಕದ ನಿಜ ಸಂಗತಿ. 1833ರಲ್ಲಿ ಬಾಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಇಲ್ಲಿನ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನು ‘ಟಸ್ಕನಿ’ ಎಂಬ ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. ಹೊರಟದ್ದು ಸುಮಾರು 180 ಟನ್, ನಾಲ್ಕು ತಿಂಗಳು ಸಮುದ್ರದಲ್ಲಿದ್ದೂ ತಲುಪಿದ್ದು ಸುಮಾರು 100 ಟನ್. ಮಂಜು ಕರಗದಂತೆ ಕಾಯಲು ಈ ವ್ಯಾಪಾರದಲ್ಲಿ ಬಳಸಿದ್ದು ಗರಗಸದ ಗಿರಣಿಯ ಹೊಟ್ಟನ್ನೇ. ಮುಂದೆ ಮದ್ರಾಸಿಗೂ ಬಂತು. ಮರೀನಾ ಬೀಚ್ ಎದುರಿನ ವಿವೇಕಾನಂದರ್ ಇಲ್ಲಂ ಇದೆಯಲ್ಲ, ಅದು ಇದೇ ಮಂಜು ಇಡಲು 1842ರಲ್ಲಿ ಕಟ್ಟಿಸಿದ ಐಸ್ ಹೌಸ್. ಅತ್ತೆ-ಮಾವ ಚೆನ್ನೈ ಪ್ರವಾಸದಲ್ಲಿ ಅದನ್ನು ನೋಡಿದ್ದರು. ಅದರೊಳಗೆ ಇದ್ದದ್ದು ಮ್ಯಾಸಚೂಸೆಟ್ಸ್‌ನ ಕೆರೆ ನೀರು ಅಂತ ಗೊತ್ತಾದಾಗ ಮಾವ, “ಬಿಳೇರು ಏನೂ ಬಿಡ್ಲಿಲ್ಲ, ನೀರೂ ಮಾರಿದ್ರು” ಅಂದುಬಿಟ್ಟರು.

ಸ್ವಲ್ಪ ದೊಡ್ಡ ಮಕ್ಕಳಿಗೆ ಕೇಳಿಸಬೇಕಾದ್ದು

ಹಸಿರು ಮೈದಾನ, ಬಿಳಿ ಚರ್ಚು, ಬೆಣ್ಣೆ ಕಡೆಯುವ ಅಜ್ಜಿ ನೋಡಿದರೆ ಆ ಕಾಲ ಬಲು ಸೊಗಸು ಅನ್ನಿಸಿಬಿಡುತ್ತದೆ. ಚಪ್ಪಲಿ ಅಂಗಡಿಯಲ್ಲಿ ‘ಇವನ್ನು ಯಾರು ಹಾಕಿಕೊಳ್ಳುತ್ತಿದ್ದರು?’ ಅಂತ ಮಗನ ಕೈಲಿ ಕೇಳಿಸಿ. ಈ ಹಳ್ಳಿಗಳಲ್ಲಿ ಹೊಲಿದ ಒರಟು ಜೋಡುಗಳಲ್ಲಿ ಎಷ್ಟೋ ಪಾಲು ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳ ಗುಲಾಮರಿಗಾಗಿ ಹೋಗುತ್ತಿತ್ತು. ಆ ಗುಲಾಮರು ಬೆಳೆದ ಹತ್ತಿ ಇಲ್ಲಿನ ಗಿರಣಿಗಳಿಗೆ ಬರುತ್ತಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಗಿರಿ 1780ರ ದಶಕದಲ್ಲೇ ಕೋರ್ಟಿನ ತೀರ್ಪುಗಳಿಂದ ನಿಂತಿತ್ತು, ಆದರೆ ಸಂಪಾದನೆ ನಿಂತಿರಲಿಲ್ಲ. ಹಾಗೆಯೇ ಈ ನೆಲ ಮೊದಲು ಇಲ್ಲಿನ ಮೂಲನಿವಾಸಿಗಳಾದ ನಿಪ್ಮಕ್ ಜನರದು. ವಿಲೇಜ್‌ನ ಮನೆಗಳಲ್ಲಿ ಅವರು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಕೇಳಬೇಕು. ಕೇಳಿದರೆ ಹೇಳುತ್ತಾರೆ. ಇದನ್ನೆಲ್ಲ ಮನೆಯಲ್ಲಿ ಪಾಠ ಮಾಡುವುದಕ್ಕಿಂತ ಅಲ್ಲಿ ಒಂದು ಜೋಡು ಕೈಯಲ್ಲಿ ಹಿಡಿದು ಮಾತಾಡುವುದು ಸಲೀಸು.

ಶಾಲೆಯಲ್ಲಿ ಹೆಚ್ಚು ಹೊತ್ತು ಬೇಡ, ಆದರೆ ಬೆಂಚಿನ ಮೇಲೆ ಕೂರಿಸಿ. ಒಂದೇ ಕೋಣೆ, ಎಲ್ಲ ವಯಸ್ಸಿನವರು. ಚಳಿಗಾಲದಲ್ಲಿ ದೊಡ್ಡ ಹುಡುಗರು ಬರುತ್ತಿದ್ದುದರಿಂದ ಹೆಚ್ಚಾಗಿ ಗಂಡಸು ಮೇಷ್ಟ್ರು, ಬೇಸಿಗೆಯಲ್ಲಿ ಅವರೆಲ್ಲ ಹೊಲಕ್ಕೆ ಹೋದಾಗ ಚಿಕ್ಕವರಿಗೆ ಹೆಂಗಸು ಮೇಡಂ. ಏಕೋಪಾಧ್ಯಾಯ ಶಾಲೆಯಲ್ಲಿ ಓದಿದ ಮಾವ ಸ್ಲೇಟು ಹಿಡಿದು ಮಗ್ಗಿ ಶುರು ಮಾಡಿದರು, ಹದಿಮೂರರದ್ದು. ಮೈದಾನದಲ್ಲಿ ಮಕ್ಕಳಿಗೆ ಕೋಲಿನಿಂದ ಬಳೆ ಓಡಿಸುವ ಆಟ ಇರುತ್ತದೆ. ಇಲ್ಲಿಯೂ ಅಜ್ಜ-ಅಜ್ಜಿಯೇ ಗುರುಗಳು. ಶ್ರೀಮಂತರ ಮನೆಗಳನ್ನು ಹಿರಿಯರು ದಣಿದಿದ್ದರೆ ಬಿಟ್ಟುಬಿಡಿ, ಅವು ನೋಡಲು ಮಾತ್ರ, ಮಾಡಲು ಅಲ್ಲೇನೂ ಇಲ್ಲ. ಅದರ ಬದಲು ನದಿಯ ದೋಣಿ ಓಡುವ ದಿನವಾದರೆ ಅದರಲ್ಲಿ ಕೂತು ಒಂದು ಸುತ್ತು ಬನ್ನಿ.

ಹೊರಗಿನ ಅಂಗಡಿಯಲ್ಲಿ ಅತ್ತೆ ಒಂದು ಮರದ ಬಟ್ಟಲು ಎತ್ತಿಕೊಂಡು ಬೆಲೆ ನೋಡಿ ವಾಪಸ್ ಇಟ್ಟರು. ಡಾಲರನ್ನು ರೂಪಾಯಿಗೆ ಗುಣಿಸಬೇಡಿ ಅಂತ ಹೇಳಿ ಪ್ರಯೋಜನವಿಲ್ಲ. ಅವರಿಗೆ ಕಾಣದ ಹಾಗೆ ನೀವೇ ಕೊಂಡು ಬೆಲೆಚೀಟಿ ಕಿತ್ತು ಕೊಡಿ.

ಮನೆಗೆ ಬಂದ ಕೂಡಲೇ ಟಿಕ್ ತಪಾಸಣೆ, ಸ್ನಾನ. ರಾತ್ರಿಗೆ ಸಾರು ಬೆಳಗ್ಗೆಯೇ ಮಾಡಿಟ್ಟು ಹೊರಟಿರಿ, ಅನ್ನ ಇಟ್ಟರೆ ಸಾಕು ಅನ್ನುವ ಹಾಗೆ. ಯಾಕೆಂದರೆ ಇಲ್ಲಿ ರಾತ್ರಿ ಎಂಟೂವರೆ ಆಗುವಾಗ ಬೇಸಿಗೆಯಲ್ಲಿ ಊರಲ್ಲಿ ಬೆಳಗಿನ ಆರು. ಅಷ್ಟರೊಳಗೆ ಊಟ ಮುಗಿದಿರಬೇಕು. ಮಾವ ತಮ್ಮನಿಗೆ ವೀಡಿಯೊ ಕಾಲ್ ಹಚ್ಚಿ ಮೂಗುದಾರ ಇಲ್ಲದ ಎತ್ತಿನ ವಿಷಯ ತೆಗೆದರೆ, ನೊಗದ ಅಳತೆ ಕೈಯಲ್ಲಿ ತೋರಿಸಿ, ಅವರು ನಂಬದೆ, ನಿಮ್ಮ ಫೋನಿನ ಫೋಟೊ ಕಳಿಸಿ, ಅದು ಅಲ್ಲಿ ತೆರೆಯದೆ, ಎಲ್ಲ ಮುಗಿಯುವ ಹೊತ್ತಿಗೆ ಹತ್ತೂವರೆ.